ಜೇಬಿನಲ್ಲಿ ಉಳಿದ ನಾಲ್ಕು ಮಾತ್ರೆ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಆಪ್ತಸಲಹೆಗೆ ಹೆಸರು ಬರೆಸಿದ್ದು ಹೆಂಡತಿಯದು. ಮಾತಾಡಬೇಕಾಗಿದ್ದವನು ಗಂಡ.

ಆಕೆಗೆ 36 ವರ್ಷ, ಬ್ಲೌಸ್ ಹೊಲಿಯುವ ಕೆಲಸ. ಚಿಕ್ಕಂದಿನಲ್ಲಿ ಗಂಟಲು ನೋವಿನ ಬೆನ್ನಿಗೇ ಕೀಲುಗಳೆಲ್ಲ ಊದಿ ಜ್ವರ ಬಂದಿತ್ತಂತೆ. ಈ ರುಮ್ಯಾಟಿಕ್ ಜ್ವರ ಕೀಲನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಎಂದು ವೈದ್ಯರು ಹೇಳುವುದುಂಟು. ಹೃದಯದ ಎಡಭಾಗದ ಮೈಟ್ರಲ್ ಕವಾಟ ಸೋರುತ್ತಿತ್ತು. ಆಪರೇಷನ್ ಮಾಡಿ, ಕವಾಟ ಬದಲಿಸದೆ ಅದರ ಸುತ್ತ ರಿಂಗ್ ಹಾಕಿ ರಿಪೇರಿ ಮಾಡಿದರು.

ಆಪರೇಷನ್ ಆದ ನಾಲ್ಕನೇ ತಿಂಗಳು, ಸಂಜೆಯಾದರೆ ಚಳಿಜ್ವರ. ಗಂಡ ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದ. ಎರಡು ದಿನ ಇಳಿಯಿತು, ಮತ್ತೆ ಏರಿತು. ಹನ್ನೆರಡನೇ ದಿನ ಏದುಸಿರು. ಕವಾಟಕ್ಕೇ ಸೋಂಕು, ಎಂಡೋಕಾರ್ಡೈಟಿಸ್. ಅರೆಬರೆ ಮಾತ್ರೆ ನುಂಗಿದ್ದಕ್ಕೇ ಇರಬೇಕು, ರಕ್ತದಲ್ಲಿನ ಕೀಟಾಣು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಯಲ್ಲಿ ಏನೂ ಬೆಳೆಯಲೇ ಇಲ್ಲ. ಯಾವುದೆಂದು ತಿಳಿಯದೆಯೇ ಆರು ವಾರ ನರಕ್ಕೆ ಔಷಧ ಹರಿಸಿದರು. ಆಕೆ ಉಳಿದಳು, ರಿಪೇರಿಯೂ ಉಳಿಯಿತು.

ಅವನು ಮೇಜಿನ ಮೇಲೆ ಒಂದು ಸ್ಟ್ರಿಪ್ ಇಟ್ಟ. ನಾಲ್ಕು ಮಾತ್ರೆ ಬಾಕಿ. ಎರಡು ತಿಂಗಳಿಂದ ಅಂಗಿ ಜೇಬಿನಲ್ಲೇ ಓಡಾಡಿ ಹಾಳೆಯ ಬೆಳ್ಳಿಬಣ್ಣ ಸವೆದಿತ್ತು. "ನಾನೇ ಕೊಟ್ಟಿದ್ದು ಮೇಡಂ."

"ನಿಮ್ಮದೇನೂ ತಪ್ಪಿಲ್ಲ" ಎನ್ನುವುದು ನಮ್ಮ ವೃತ್ತಿಯ ಸುಲಭದ ಮಾತು. ನಾನು ಹೇಳಲಿಲ್ಲ, ಅವನು ನಂಬುತ್ತಲೂ ಇರಲಿಲ್ಲ. ತಪ್ಪಾಯಿತು, ಆದರೆ ಕೇಡು ಬಗೆದು ಮಾಡಿದ್ದಲ್ಲ ಎಂದೆ. ಡಿಸ್ಚಾರ್ಜ್ ಹಾಳೆ ಇಂಗ್ಲಿಷಿನಲ್ಲಿತ್ತು, ಯಾರೂ ಓದಿ ಹೇಳಿರಲಿಲ್ಲ. ಆ ಪಾಲು ಅವನದಲ್ಲ.

ಆಕೆಯ ಸಿಟ್ಟೇ ಬೇರೆ. "ಕೊಡ ಎತ್ತಬೇಡ, ಮೆಷಿನ್ ಮುಟ್ಟಬೇಡ ಅಂತಾರೆ. ರಾತ್ರಿ ಎದ್ದು ಮೂಗಿನ ಹತ್ರ ಬೆರಳಿಟ್ಟು ನೋಡ್ತಾರೆ. ನಾನೇನು ಹೆಣಾನಾ?"

ಕಾವಲು ಬಿಡಿ ಎಂದರೆ ಆಗದು. ಕಾವಲಿಗೆ ಒಂದು ಕೆಲಸ ಕೊಡಬೇಕು. ಅವನಿಗೆ ಮೂರು ವಹಿಸಿದೆ. ಜ್ವರ ಬಂದರೆ ಮೆಡಿಕಲ್ ಶಾಪಿಗಲ್ಲ, ನೇರ ಆಸ್ಪತ್ರೆಗೆ; ಅಲ್ಲಿ ಮೊದಲು ಕಲ್ಚರ್‌ಗೆ ರಕ್ತ, ಆಮೇಲೆ ಆಂಟಿಬಯಾಟಿಕ್. ರುಮ್ಯಾಟಿಕ್ ಜ್ವರ ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಹಾಕಿಸಬೇಕಾದ ಪೆನಿಸಿಲಿನ್ ಇಂಜೆಕ್ಷನ್ ತಪ್ಪಿಸಬಾರದು. ಹಲ್ಲು ಕೀಳಿಸುವ ಮುಂಚೆ ದಂತವೈದ್ಯರಿಗೆ ರಿಂಗಿನ ವಿಷಯ ಹೇಳಬೇಕು. ಬೆರಳಿಟ್ಟು ನೋಡುವುದು ಈ ಪಟ್ಟಿಯಲ್ಲಿಲ್ಲ. ಮೆಷಿನ್ ವಿಚಾರ ನಾನು ತೀರ್ಮಾನಿಸುವಂಥದ್ದಲ್ಲ, ಹೃದ್ರೋಗ ತಜ್ಞರನ್ನು ಕೇಳಿ ಎಂದೆ. ದಿನಕ್ಕೆ ಒಂದು ಗಂಟೆಯಿಂದ ಶುರುಮಾಡಲಿ ಎಂದರಂತೆ.

ಜ್ವರದ ಮಾತನ್ನು ಒಂದು ರಟ್ಟಿನ ಚೀಟಿಯ ಮೇಲೆ ಕನ್ನಡದಲ್ಲಿ ಬರೆದು ಆಕೆಯ ಪರ್ಸಿನಲ್ಲಿಡಿಸಿದೆ.

ಮೂರನೇ ಭೇಟಿಗೆ ಅವನು ದೂರು ಹೊತ್ತು ಬಂದ. ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಯಾರದೋ ಬ್ಲೌಸಿನ ಅಳತೆ: ತೋಳು ಒಂಬತ್ತು, ಎದೆ ಮೂವತ್ತನಾಲ್ಕು. ಇನ್ನೊಂದು ಚೀಟಿ ಬರೆದುಕೊಟ್ಟೆ.