ಜಪ್ತಿ ಎಂದರೆ ಗಾಂಜಾ ಮಾತ್ರವಲ್ಲ, ಮಾರಾಯ

ಬೆಂಗಳೂರಿನ ಗೆಳೆಯ ಮೊನ್ನೆ ಫೋನಿನಲ್ಲಿ ನಕ್ಕ. "ನಿಮ್ಮ ಕಾಸರಗೋಡಿನಲ್ಲಿ ಮನೆಗೂ ಜಪ್ತಿ ಎನ್ನುತ್ತೀರಲ್ಲ! ಜಪ್ತಿಯಾಗುವುದು ಗಾಂಜಾ. ಮನೆಗೆ ಮುಟ್ಟುಗೋಲು ಎನ್ನಬೇಕು. ಮಲಯಾಳ ಬೆರೆತು ಕನ್ನಡ ಮರೆತಿರೋ?"

ಮರೆತಿಲ್ಲ. ಜಪ್ತಿ ಅರಬ್ಬಿಯ 'ಜಬ್ತ್'. ಪಾರಸಿಯ ದಾರಿಯಾಗಿ ಕಚೇರಿ ಸೇರಿದ್ದು. ಅದು ಮಲಯಾಳಿಗಳ ಮನೆಮಾತೂ ಅಲ್ಲ, ನಿನ್ನದೂ ಅಲ್ಲ.

ನಮ್ಮ ಕಷ್ಟ ಬೇರೆ. ಪತ್ರಿಕೆ ಕನ್ನಡದಲ್ಲಿ ಬರುತ್ತದೆ, ನೋಟಿಸು ಮಲಯಾಳದಲ್ಲಿ. ಓದಿ ಹೇಳುವ ಕೆಲಸ ನನ್ನದು. ಹೋದ ಮಳೆಗಾಲದಲ್ಲಿ ಪಕ್ಕದ ಮನೆಯ ಅಕ್ಕ ಸೆರಗಿನಡಿ ಒಂದು ಕಾಗದ ಮುಚ್ಚಿಕೊಂಡು ಬಂದರು. ತಂದುಕೊಟ್ಟವನು ಹೇಳಿದ್ದರಲ್ಲಿ 'ಜಪ್ತಿ' ಒಂದೇ ಅವರಿಗೆ ತಿಳಿದಿತ್ತು. "ಅಣ್ಣಾ, ನನ್ನ ಮಗ ಕದ್ದ ಮಾಲು ಏನಾದರೂ ಇಟ್ಟಿದ್ದನೇ?" ಪತ್ರಿಕೆಯಲ್ಲಿ ಅವರು ಕಂಡ ಜಪ್ತಿಯೆಲ್ಲ ಮರಳು, ಚಿನ್ನ, ನಿನ್ನ ಗಾಂಜಾ. ಇದು ಅಡಿಕೆ ತೋಟದ ಸಾಲ. ಗಡುವಿನೊಳಗೆ ಕಟ್ಟದಿದ್ದರೆ ಜಪ್ತಿ 'ಮಾಡಲಾಗುವುದು' ಎಂದಿತ್ತು, 'ಮಾಡಲಾಗಿದೆ' ಎಂದಲ್ಲ. ಅಷ್ಟನ್ನು ಎರಡು ಸಲ ಕನ್ನಡದಲ್ಲಿ, ಕೊನೆಗೆ ತುಳುವಿನಲ್ಲಿ ಹೇಳಿದ ಮೇಲೆ ಅವರು ಜಗಲಿಯಲ್ಲಿ ಕುಳಿತರು.

ಮಲಯಾಳದ ಸುದ್ದಿಯಲ್ಲಿ ಜಪ್ತಿಗೆ ಇನ್ನೊಂದು ಪದವಿದೆ, 'ಕಂಡುಕೆಟ್ಟುಗ'. ಅವರ 'ಕೆಟ್ಟು' ನಮ್ಮ 'ಕಟ್ಟು'. ಕನ್ನಡದ ಕಿವಿಗೆ ಮಾತ್ರ 'ಕಂಡು, ಕೆಟ್ಟು' ಎಂದೇ ಕೇಳುತ್ತದೆ. ಅರ್ಥ ತಪ್ಪು, ಫಲ ಸರಿ.

ನಿನ್ನ ಮುಟ್ಟುಗೋಲೇನು ಸಾಚಾ? ಅದಕ್ಕೂ ಎರಡು ಅರ್ಥ. ಟೆಂಡರಿನ ಠೇವಣಿ ಮುಟ್ಟುಗೋಲಾದರೆ ಹಣ ಹೋದಂತೆಯೇ. ಸಾಲಕ್ಕಾಗಿ ಕೋರ್ಟು ಮನೆಯನ್ನು ಮುಟ್ಟುಗೋಲು ಹಾಕಿದರೆ ಮಾರುವಂತಿಲ್ಲ, ಅಡವಿಡುವಂತಿಲ್ಲ. ಆದರೆ ಅಷ್ಟಕ್ಕೇ ಒಲೆ ಆರಿಸಬೇಕಾಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನ ಪ್ರಕಾರ ಅಡುಗೆ ಪಾತ್ರೆ, ಹಾಸಿಗೆ, ತೊಡುವ ಬಟ್ಟೆ, ಕೃಷಿಕನ ಸಲಕರಣೆಗಳನ್ನು ಕೋರ್ಟು ಜಪ್ತಿ ಮಾಡುವಂತಿಲ್ಲ. ಇದನ್ನು ಹೇಳಿದಾಗ ಅಕ್ಕ, "ಹಾಗಾದರೆ ಕೊಯ್ಯುವ ದೋಟಿ ಉಳಿಯುತ್ತದೆ. ಕೊಯ್ಯುವುದು ಯಾರ ಅಡಿಕೆ?" ಎಂದರು.

1956ರ ನವೆಂಬರ್ 1ರಂದು ನಮ್ಮನ್ನು ಕೇರಳಕ್ಕೆ ಸೇರಿಸಿದರು. ಇಲ್ಲಿನ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರಿಸಬೇಕೆಂದು 1969ರ ರಾಜ್ಯ ಭಾಷಾ ಕಾಯಿದೆ ಹೇಳುತ್ತದೆ. ನೀನು ಬೆಂಗಳೂರಿನಲ್ಲಿ ಕನ್ನಡದ ಅರ್ಜಿ ಬರೆದು ಎಷ್ಟು ವರ್ಷವಾಯಿತು? ಅಕ್ಕನ ಪರವಾಗಿ ನಾನು ಎರಡು ಪುಟ ಕನ್ನಡದಲ್ಲೇ ಬರೆದೆ, 'ಜಪ್ತಿ' ಎಂದೇ ಬರೆದೆ. ಉತ್ತರ ಮಲಯಾಳದಲ್ಲಿ ಬಂತು. ಕಂತಿನಲ್ಲಿ ಕಟ್ಟಬಹುದಂತೆ. ಅದನ್ನೂ ನಾನೇ ಓದಿ ಹೇಳಿದೆ.