ಯಾರನ್ನು ನಿಜವಾದ ಸಾಲ್ಸಾ ಪ್ರಿಯ ಅನ್ನಬಹುದು?

ಹುಬ್ಬಳ್ಳಿಯಲ್ಲಿ ಎರಡು ತಿಂಗಳು ಸಾಲ್ಸಾ ಕುಣಿತದ ಕ್ಲಾಸಿಗೆ ಹೋದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಮೊದಲು ಕಿವಿ, ಆಮೇಲೆ ಕಾಲು.

ಕುಣಿತದಲ್ಲಿ ಎಂಟು ಎಣಿಕೆ. ಸಾಮಾನ್ಯವಾಗಿ 1-2-3ಕ್ಕೆ ಹೆಜ್ಜೆ, 4ಕ್ಕೆ ಬಿಡುವು. 5-6-7ಕ್ಕೆ ಹೆಜ್ಜೆ, 8ಕ್ಕೆ ಬಿಡುವು. ಇದು ಬೇಗ ಬರುತ್ತದೆ. ಆದರೆ ಹಾಡಿನ ಬೆನ್ನೆಲುಬು ಕ್ಲಾವೆ. ಎರಡು ಮರದ ಕೋಲು ತಟ್ಟಿ ನುಡಿಸುವ ಐದು ಪೆಟ್ಟು: ಆವರ್ತದ ಒಂದು ಅರ್ಧದಲ್ಲಿ ಮೂರು, ಇನ್ನೊಂದು ಅರ್ಧದಲ್ಲಿ ಎರಡು. ಎಷ್ಟೋ ಸಲ ಕೋಲಿನ ಸದ್ದೇ ಇರುವುದಿಲ್ಲ, ಉಳಿದ ವಾದ್ಯಗಳು ಮಾತ್ರ ಅದನ್ನೇ ಹಿಡಿದು ಸಾಗುತ್ತವೆ. ಆಗಲೂ ನಿಮಗದು ಒಳಗೇ ಕೇಳಿಸಿತಾ? ಹುಚ್ಚು ಹತ್ತಿದೆ ಅಂತ ಲೆಕ್ಕ! ಧಾರವಾಡದ ಸಂಗೀತ ಬೈಠಕ್‌ಗಳಲ್ಲಿ ತೊಡೆಯ ಮೇಲೆ ತಾಳ ಹಾಕುತ್ತ, ಸಮ್ (ತಾಳದ ಮೊದಲ ಪೆಟ್ಟು) ಬಂದ ಕೂಡಲೇ ತಲೆದೂಗುವ ಅಜ್ಜಂದಿರು ಇರುತ್ತಾರಲ್ವಾ, ಥೇಟ್ ಹಾಗೆ.

ಬೇರು ಕ್ಯೂಬಾದ ‘ಸೋನ್’ ಸಂಗೀತದಲ್ಲಿದೆ, ಸಾಲ್ಸಾ ಅನ್ನೋ ಹೆಸರು ಜನಪ್ರಿಯವಾದದ್ದು 1970ರ ದಶಕದ ನ್ಯೂಯಾರ್ಕಿನಲ್ಲಿ. ಇಷ್ಟು ಗೊತ್ತಿದ್ದರೆ ಒಳ್ಳೆಯದು, ಪರೀಕ್ಷೆಯೇನೂ ಇಲ್ಲ.

ನಾನು ನೋಡೋದು ಇನ್ನೊಂದನ್ನು. ಹೊಸಬರು ಕಾಲು ತುಳಿದರೂ ನಗುತ್ತ ಹಾಡು ಮುಗಿಯುವವರೆಗೆ ಜೊತೆ ಕುಣಿಯುತ್ತಾರಾ? ಸುಮ್ನೆ ತಿರುಗಿಸಿ ತಿರುಗಿಸಿ ವಿಡಿಯೋ ಹಾಕುವವರು ಬೇರೆ ಜಾತಿ.