ಟ್ರೇಲರ್‌ನ ಹಿಂಬದಿ ಕ್ಯಾಮೆರಾ: ವಿದ್ಯುತ್ ಎಲ್ಲಿಂದ?

ನಮಸ್ಕಾರ. ನಿಮ್ಮ 28 ಅಡಿಯ ಟ್ರಾವೆಲ್ ಟ್ರೇಲರ್‌ಗೆ (ವಾಹನದ ಹಿಂದೆ ಕಟ್ಟಿ ಎಳೆಯುವ, ಒಳಗೆ ತಂಗಬಹುದಾದ ಗಾಡಿ) ವೈರ್‌ಲೆಸ್ ಕ್ಯಾಮೆರಾ ಸಾಕೇ, ಅದಕ್ಕೆ ವಿದ್ಯುತ್ತನ್ನು ಎಲ್ಲಿಂದ ಪಡೆಯಬೇಕು ಎಂದು ಕೇಳಿದ್ದೀರಿ. ಅಮೆರಿಕದಲ್ಲಿ 2018ರ ಮೇ ತಿಂಗಳಿನಿಂದ ತಯಾರಾಗುವ ಹಗುರ ವಾಹನಗಳಿಗೆ ಹಿಂಬದಿ ಕ್ಯಾಮೆರಾ ಕಡ್ಡಾಯವಾಗಿದ್ದರೂ, ಟ್ರೇಲರ್ ಕಟ್ಟಿದ ಮೇಲೆ ಅದಕ್ಕೆ ಕಾಣುವುದು ಟ್ರೇಲರ್‌ನ ಮೂತಿ ಮಾತ್ರ.

ಡಿಜಿಟಲ್ ವೈರ್‌ಲೆಸ್ ಆದರೆ ಸಾಕು. ಹಳೆಯ ಅನಲಾಗ್ ಮಾದರಿ ಅಗ್ಗವಾದರೂ ಬೇಡ. ಲೋಹದ ಹೊದಿಕೆ ಸಂಕೇತವನ್ನು ತಡೆಯುವುದರಿಂದ, ರಂಧ್ರ ಕೊರೆಯುವ ಮೊದಲು ಕ್ಯಾಮೆರಾವನ್ನು ಟೇಪಿನಿಂದ ತಾತ್ಕಾಲಿಕವಾಗಿ ಅಂಟಿಸಿ, ಟ್ರೇಲರ್ ಎಳೆಯುತ್ತಾ ಒಂದೆರಡು ತಿರುವು ತೆಗೆದುಕೊಂಡು ಪರೀಕ್ಷಿಸಿ.

ಇತ್ತೀಚಿನ ಅನೇಕ ಟ್ರೇಲರ್‌ಗಳ ಹಿಂಭಾಗದ ಮೇಲ್ತುದಿಯಲ್ಲಿ ಕ್ಯಾಮೆರಾಕ್ಕೆಂದೇ ಬ್ರಾಕೆಟ್ ಮತ್ತು ತಂತಿ ಇರುತ್ತವೆ. ಆ ತಂತಿಗೆ ಸಾಮಾನ್ಯವಾಗಿ ಮಾರ್ಕರ್ ದೀಪಗಳಿಂದ (ಟ್ರೇಲರ್‌ನ ಅಂಚುಗಳನ್ನು ತೋರಿಸುವ ಸಣ್ಣ ದೀಪಗಳು) ವಿದ್ಯುತ್ ಬರುವುದರಿಂದ, ಹೆಡ್‌ಲೈಟ್ ಅಥವಾ ಪಾರ್ಕಿಂಗ್ ದೀಪ ಹಾಕಿದಾಗ ಮಾತ್ರ ಚಿತ್ರ ಮೂಡುತ್ತದೆ. (ಇದನ್ನರಿಯದೆ, ಸರಿಯಿದ್ದ ಕ್ಯಾಮೆರಾವನ್ನೇ ಅಂಗಡಿಗೆ ಹಿಂದಿರುಗಿಸಿ ಪೇಚಿಗೆ ಸಿಲುಕಿದವನು ನಾನು.) ಎಳೆಯುವ ವಾಹನದಿಂದ ಟ್ರೇಲರ್‌ಗೆ ವಿದ್ಯುತ್ ಸಾಗಿಸುವ 7 ಪಿನ್ ಕನೆಕ್ಟರ್‌ನ ನಡುವಿನ ಪಿನ್ ರಿವರ್ಸ್ ದೀಪದ್ದು, ಅದರಿಂದ ಸಂಪರ್ಕ ಕೊಟ್ಟರೆ ಹಿಂದಕ್ಕೆ ಚಲಿಸುವಾಗಷ್ಟೇ ಕ್ಯಾಮೆರಾ ಕೆಲಸ ಮಾಡುತ್ತದೆ. ಹೆದ್ದಾರಿಯಲ್ಲಿ ಲೇನ್ ಬದಲಿಸುವಾಗಲೂ ಹಿಂದಿನ ವಾಹನಗಳು ಕಾಣಬೇಕೆಂಬ ಕಾರಣಕ್ಕೆ ನಾನು ಮಾರ್ಕರ್ ದೀಪದ ಸಂಪರ್ಕವನ್ನೇ ಆರಿಸಿಕೊಂಡೆ. ತಂತಿ ಜೋಡಿಸುವ ಮೊದಲು ಟ್ರೇಲರ್‌ನ ಬ್ಯಾಟರಿಯನ್ನು ಬೇರ್ಪಡಿಸಿ, ಸಣ್ಣ ಫ್ಯೂಸ್ ಒಂದನ್ನು ಸೇರಿಸಿ.

ನೀರು ಸೋರದಂತೆ ನೋಡಿಕೊಳ್ಳುವುದೇ ನಿಜವಾದ ಕೆಲಸ. ಬ್ರಾಕೆಟ್‌ನ ಅಡಿಗೆ ಬ್ಯುಟೈಲ್ ಟೇಪ್ (ನೀರು ತಡೆಯುವ ಅಂಟು ರಬ್ಬರ್ ಪಟ್ಟಿ) ಇಟ್ಟು, ಸ್ಕ್ರೂಗಳ ಸುತ್ತ ಟ್ರೇಲರ್‌ಗೆಂದೇ ಸಿಗುವ ಸೀಲಂಟ್ ಹಚ್ಚಿ. ರಂಧ್ರದೊಳಗೆ ಹೋಗುವ ಮುಂಚೆ ತಂತಿಯನ್ನು ಸ್ವಲ್ಪ ಕೆಳಕ್ಕೆ ಬಾಗಿಸಿದರೆ ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.